ನಾಗನನ್ನು ಮೊದಲು ಕಂಡವರು

ಖಾರಘರದ ಆ ಮನೆಯಲ್ಲಿ ಮಂಚ ಹಾಲ್‌ನಲ್ಲೇ ಇತ್ತು. ಬೆಡ್‌ರೂಮ್ ಇರಲಿಲ್ಲ ಎಂದಲ್ಲ. ಇತ್ತು, ಅದರ ಗೋಡೆಗೆ ಅಪ್ಪ ಆಸೆಪಟ್ಟು ತಿಳಿನೀಲಿ ಬಣ್ಣ ಹೊಡೆಸಿದ್ದ. ಆದರೆ ಮಲಗಿದಲ್ಲಿಂದ ಅಮ್ಮ ಸಣ್ಣಗೆ ಕರೆದರೂ ಅಡುಗೆಮನೆಗೆ ಕೇಳಬೇಕು ಎಂದು ಅಜ್ಜಿ ಹಟ ಹಿಡಿದು ಮಂಚವನ್ನು ಹಾಲ್‌ಗೆ ತರಿಸಿದ್ದಳು. ನೆಲಕ್ಕೆ ಕಾಲಿಡಬೇಡಿ ಎಂದು ಡಾಕ್ಟರು ಅಮ್ಮನಿಗೆ ಹೇಳಿದ್ದರು. ಬಾತ್‌ರೂಮಿಗೆ ಮಾತ್ರ ಹೋಗಬಹುದಿತ್ತು, ಅದೂ ಅಜ್ಜಿಯ ಹೆಗಲು ಹಿಡಿದು. ಅಮ್ಮ ಒಳಗೆ ಹೋದಾಗ ನಾನೂ ಅಜ್ಜಿಯೂ ಬಾಗಿಲ ಹೊರಗೆ ಕಿವಿಗೊಟ್ಟು ನಿಲ್ಲುತ್ತಿದ್ದೆವು. ನೀರಿನ ಸದ್ದು ಬಂದರೆ ಸಮಾಧಾನ. ಸದ್ದು ನಿಂತು ತುಸು ಹೊತ್ತಾದರೆ ಅಜ್ಜಿ ಬಾಗಿಲು ತಟ್ಟುತ್ತಿದ್ದಳು. ಅಮ್ಮ ಹೊರಗೆ ಬಂದ ಮೇಲೆ ಅಜ್ಜಿ ಏನೂ ಕೇಳುತ್ತಿರಲಿಲ್ಲ, ಮುಖ ನೋಡುತ್ತಿದ್ದಳು. ಅಮ್ಮ ತಲೆಯಾಡಿಸುತ್ತಿದ್ದಳು. ಆ ತಲೆಯಾಟದ ಅರ್ಥ ನನಗೆ ತಿಳಿಯದು ಎಂದು ಇಬ್ಬರೂ ನಂಬಿದ್ದರು. ಹತ್ತು ವರ್ಷದ ಹುಡುಗಿಗೆ ಏನು ಗೊತ್ತಾಗುತ್ತದೆ ಎಂಬುದು ನಮ್ಮ ಮನೆಯ ದೊಡ್ಡ ನಂಬಿಕೆಗಳಲ್ಲಿ ಒಂದಾಗಿತ್ತು.

ನನಗೆ ಗೊತ್ತಿತ್ತು. ರಕ್ತ ಹೋಗಿಲ್ಲ, ಹೊಟ್ಟೆಯಲ್ಲಿನ ಮಗು ಇದೆ ಎಂದು ಅದರ ಅರ್ಥ. ಖಾರಘರಕ್ಕೆ ಬರುವ ಮೊದಲು ನಾವು ಡೊಂಬಿವಲಿಯಲ್ಲಿದ್ದಾಗ ಅಮ್ಮ ಒಮ್ಮೆ ತುಂಬಿದ ಹೊಟ್ಟೆಯಲ್ಲಿ ಆಸ್ಪತ್ರೆಗೆ ಹೋಗಿ ಬರಿಗೈಯಲ್ಲಿ ಬಂದಿದ್ದಳು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಬ್ರಹ್ಮಾವರದ ಹತ್ತಿರದ ಊರಿನಿಂದ ಅಜ್ಜಿ ಬಂದಳು, ಈ ಮನೆ ಆಗಿಬರುವುದಿಲ್ಲ ಎಂದಳು. ಅಪ್ಪ ಅದನ್ನೆಲ್ಲ ನಂಬುವವನಲ್ಲ, ಆದರೂ ಖಾರಘರದಲ್ಲಿ ಗುಡ್ಡದ ಬುಡಕ್ಕೆ ಎದ್ದಿದ್ದ ಹೊಸ ಬಿಲ್ಡಿಂಗಿಗೆ ಮನೆ ಬದಲಾಯಿಸಿದ. ಅವನ ಕೆಲಸ ಮಾತ್ರ ಠಾಣೆ ಊರಿನ ನೌಪಾಡಾದ ಹೋಟೆಲಿನಲ್ಲೇ. ಹಾರ್ಬರ್ ಲೈನಿನ ಲೋಕಲ್ ರೈಲು ಹಿಡಿದು, ಮಧ್ಯೆ ಗಾಡಿ ಬದಲಾಯಿಸಿ ಠಾಣೆಗೆ ಹೋಗಲು ಕತ್ತಲಿರುವಾಗಲೇ ಹೊರಡುತ್ತಿದ್ದ. ಇಡೀ ದಿನ ಮನೆಯಲ್ಲಿ ಹೆಂಗಸರು ಮೂವರೇ. ಮೂವರೂ ಅಮ್ಮನ ಹೊಟ್ಟೆಯನ್ನು ಕಾಯುತ್ತಿದ್ದೆವು.

ಕಥೆ ಬರೆಯುವ ಕೆಲಸ ನನಗೆ ಅಂಟಿದ್ದು ಹಾಗೆ. ಮಲಗಿ ಮಲಗಿ ಅಮ್ಮನಿಗೆ ಹುಚ್ಚು ಹಿಡಿದಂತಾಗುತ್ತಿತ್ತು. ಟೀವಿಯಲ್ಲಿ ಯಾರಾದರೂ ಅತ್ತರೆ ಅಜ್ಜಿ ಆಫ್ ಮಾಡುತ್ತಿದ್ದಳು, ಗರ್ಭಿಣಿ ಅಳು ನೋಡಬಾರದಂತೆ. ಟೀವಿಯಲ್ಲಿ ಅಳದವರು ಯಾರಿದ್ದರು, ಹಾಗಾಗಿ ಅದು ಆಫ್ ಆಗಿಯೇ ಇರುತ್ತಿತ್ತು. ನನ್ನ ಶಾಲೆಯಲ್ಲಿ ಕನ್ನಡ ಇರಲಿಲ್ಲ. ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುತ್ತಿದ್ದೆ. ಈಗ ಪುರಸೊತ್ತು ಸಿಕ್ಕಿತಲ್ಲ, ಅಮ್ಮ ದಿಂಬಿಗೆ ಒರಗಿಕೊಂಡು ನನಗೆ ಅಕ್ಷರ ತಿದ್ದಿಸಿದಳು. ಕಲಿತದ್ದು ಮರೆಯದಿರಲಿ ಎಂದು ದಿನಾ ಶಾಲೆಯಿಂದ ಬಂದು ಒಂದು ಪುಟ ಕಥೆ ಬರೆದು ಓದಬೇಕು ಎಂದು ಹೇಳಿದಳು. ಮೊದಲ ದಿನ ನಾನು ರೈಲು ತಪ್ಪಿಸಿಕೊಂಡ ಒಬ್ಬ ಹುಡುಗಿಯ ಕಥೆ ಬರೆದೆ. ಅಮ್ಮ ಅರ್ಧಕ್ಕೇ ಕೈ ಎತ್ತಿ ನಿಲ್ಲಿಸಿದಳು.

“ಮನುಷ್ಯರ ಕಥೆ ಬೇಡ ಮಗಾ. ಮನುಷ್ಯರಿಗೆ ಏನಾದ್ರೂ ಒಂದು ಆಗಿಯೇ ಆಗ್ತದೆ. ಪ್ರಾಣಿಗಳದ್ದು ಬರಿ.”

ಪ್ರಾಣಿಗಳದ್ದು ಬರೆಯುವುದು ಸುಲಭ ಎಂದುಕೊಂಡೆ. ಅಡುಗೆಮನೆಯಲ್ಲಿ ಅಜ್ಜಿ ಕಿವಿ ತೆರೆದುಕೊಂಡು ಕೂತಿದ್ದಾಳೆ ಎಂಬುದು ಲೆಕ್ಕಕ್ಕೇ ಬಂದಿರಲಿಲ್ಲ. ಕಾಗೆಯನ್ನು ಕಳ್ಳನನ್ನಾಗಿ ಮಾಡಿದೆ. ಕಾಗೆ ಎಂದರೆ ಸತ್ತ ನಿನ್ನ ಅಜ್ಜ, ಪಿಂಡ ಮುಟ್ಟಲು ಬರುವವರು, ಅವರನ್ನು ಕಳ್ಳ ಎನ್ನುತ್ತೀಯಾ ಎಂದಳು. ಹಂದಿಯನ್ನು ಪೆದ್ದನನ್ನಾಗಿ ಮಾಡಿದೆ. ಹಂದಿ ನಮ್ಮ ಪಂಜುರ್ಲಿ ದೈವ, ಬಾಯಿ ಮುಚ್ಚು ಎಂದಳು. ಹುಲಿಯೂ ದೈವವೇ, ಆದ್ದರಿಂದ ಯಾರ ಕೈಯಲ್ಲೂ ಸೋಲಬಾರದು. ದನ ಸುಳ್ಳು ಹೇಳಬಾರದು. ಇಲಿ ಗಣಪತಿಯ ವಾಹನ, ಹಗುರವಾಗಿ ಮಾತಾಡಬಾರದು. ಕೊನೆಗೆ ನನಗೆ ಉಳಿದದ್ದು ನಾಯಿ, ಕಪ್ಪೆ, ಮುಂಗುಸಿ ಮತ್ತು ಎದುರು ಬಿಲ್ಡಿಂಗಿನ ಪಾರಿವಾಳಗಳು. ಬಾಲ್ಕನಿಯಲ್ಲಿ ಒಣಹಾಕಿದ ಹಪ್ಪಳದ ಮೇಲೆ ಅವು ಮಾಡುತ್ತಿದ್ದ ಗಲೀಜಿನಿಂದಾಗಿ ಪಾರಿವಾಳಗಳಿಗೆ ಅಜ್ಜಿಯ ರಕ್ಷಣೆ ಇರಲಿಲ್ಲ, ಅವುಗಳಿಗೆ ಏನು ಬೇಕಾದರೂ ಮಾಡಬಹುದಿತ್ತು. ಮುಂದೆ ನನಗೆ ಸಿಕ್ಕ ಸಂಪಾದಕರು ಯಾರೂ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ. ಆಗ ಸಿಟ್ಟು ಬರುತ್ತಿತ್ತು. ಆದರೆ ಪ್ರಾಣಿ ಎಂದರೆ ನನಗೆ ಬೇಕಾದ ಹಾಗೆ ಅಂಗಿ ತೊಡಿಸಬಹುದಾದ ಬೊಂಬೆಯಲ್ಲ, ಅದು ಕಥೆಗೆ ಬರುವ ಮೊದಲೇ ಎಲ್ಲೋ ಬದುಕುತ್ತಿತ್ತು, ಅದಕ್ಕೆ ಅದರದೇ ಮರ್ಯಾದೆ ಇದೆ ಎಂದು ನನಗೆ ಮೊದಲು ಗೊತ್ತಾದದ್ದು ಆ ಬೈಗುಳಗಳಿಂದಲೇ.

ನಮ್ಮ ಕಿಟಕಿಯಿಂದ ಪಕ್ಕದ ಖಾಲಿ ಪ್ಲಾಟ್ ಕಾಣುತ್ತಿತ್ತು. ಸಿಮೆಂಟಿನ ದೊಡ್ಡ ಪೈಪುಗಳು, ಆಳೆತ್ತರದ ಹುಲ್ಲು, ಮಳೆ ಬಂದರೆ ಒಂದು ಹೊಂಡ, ಆಚೆಗೆ ಗುಡ್ಡ. ನನ್ನ ಕಥೆಯವರೆಲ್ಲ ಅಲ್ಲೇ ವಾಸ. ಪೈಪಿನೊಳಗೆ ಬಬನ್ ಎಂಬ ಮುಂಗುಸಿ, ಹೊಂಡದಲ್ಲಿ ಸದಾ ಮಂತ್ರ ವಟಗುಟ್ಟುವ ಕಪ್ಪೆ ಭಟ್ಟರು. ಪಾತ್ರಗಳು ಸಾಲದೆ ಬಂದಾಗ ಗುಡ್ಡದ ಬುಡದಲ್ಲಿ ಒಂದು ಹುತ್ತ ಮಾಡಿ ನಾಗನನ್ನು ಇಡಬಹುದೇ ಎಂದು ಅಜ್ಜಿಯನ್ನು ಕೇಳಿದೆ. ಅಜ್ಜಿ ಅರ್ಧ ದಿನ ಯೋಚಿಸಿ ಒಪ್ಪಿದಳು, ಷರತ್ತು ಹಾಕಿ. ಅದನ್ನು ಹಾವು ಎನ್ನಬಾರದು. ಅದು ಯಾರಿಗೂ ಕಚ್ಚಬಾರದು, ಯಾರೂ ಅದನ್ನು ಓಡಿಸಬಾರದು, ತಮಾಷೆ ಕೂಡದು. ಹೀಗಾಗಿ ನನ್ನ ಕಥೆಯಲ್ಲಿ ನಾಗ ಬರುತ್ತಿತ್ತು, ಎಲ್ಲರನ್ನೂ ನೋಡುತ್ತಿತ್ತು, ಎಲ್ಲರೂ ಸಭ್ಯರಾಗುತ್ತಿದ್ದರು, ಅದು ಹೋಗುತ್ತಿತ್ತು. ಏನೂ ಆಗದ ಪಾತ್ರವನ್ನು ಇಟ್ಟುಕೊಂಡು ಬರೆಯುವುದು ಎಷ್ಟು ಕಷ್ಟ ಎಂದು ಬರೆದವರಿಗೇ ಗೊತ್ತು. ಅಷ್ಟರಲ್ಲಿ ಆ ಪ್ಲಾಟಿಗೆ ನಿಜವಾಗಿಯೇ ಒಂದು ಜೆಸಿಬಿ ಬಂತು. ಇಡೀ ದಿನ ನಮ್ಮ ಕಿಟಕಿಯ ಗಾಜು ನಡುಗಿತು. ಆ ಸಂಜೆ ನಾನು ಬರೆದ ಪುಟದಲ್ಲೂ ಜೆಸಿಬಿ ಬಂತು, ಹುತ್ತ ಒಡೆಯಿತು. ಬಬನ್ ಓಡಿ ಬಂದು ನೋಡಿದಾಗ ನಾಗ ಕೆಂಪು ಮಣ್ಣಿನ ಮೇಲೆ ಉದ್ದಕ್ಕೆ ಮಲಗಿತ್ತು, ಏಳಲಿಲ್ಲ. ಹಾಗೆ ಬರೆಯಬೇಕೆಂದು ಕೂತವಳಲ್ಲ ನಾನು. ಬರೆದಾದ ಮೇಲೆ ಮಾತ್ರ ಇದು ಈವರೆಗಿನ ಎಲ್ಲಕ್ಕಿಂತ ಚೆನ್ನಾಗಿದೆ ಅನ್ನಿಸಿ ಹೆಮ್ಮೆಯಿಂದ ಓದಿದೆ.

ಅಜ್ಜಿ ಕೈಯಲ್ಲಿದ್ದ ಸೌಟು ಕೆಳಗಿಡದೆ ಹಾಲ್‌ಗೆ ಬಂದಳು.

“ಎಲ್ಲಿ ಕಂಡದ್ದು ನೀನು?”

“ಕಂಡಿಲ್ಲ ಅಜ್ಜಿ. ಐಸೇ ಹೀ ಲಿಖಾ. ಮನಸ್ಸಲ್ಲಿ ಬಂತು.”

“ಮನಸ್ಸಲ್ಲಿ ಕಂಡದ್ದೂ ಕಂಡದ್ದೇ.”

ನಮ್ಮ ಕಡೆ ಸತ್ತ ನಾಗನನ್ನು ಕಂಡು ಸುಮ್ಮನೆ ದಾಟಿ ಹೋಗುವಂತಿಲ್ಲ. ಮನುಷ್ಯರಿಗೆ ಮಾಡುವ ಹಾಗೆ ಅದಕ್ಕೂ ಚಿತೆ, ಮಂತ್ರ, ನೀರು, ಎಲ್ಲ ಆಗಬೇಕು. ಅದಕ್ಕೆ ಸರ್ಪಸಂಸ್ಕಾರ ಎನ್ನುತ್ತಾರೆ. ಮೊದಲು ಯಾರ ಕಣ್ಣಿಗೆ ಬಿತ್ತೋ ಆ ಕೆಲಸ ಅವರ ಪಾಲಿನದು. ಮಾಡದೆ ಬಿಟ್ಟರೆ ಅದು ಮನೆಯ ಸಂತಾನಕ್ಕೆ ತಟ್ಟುತ್ತದೆ ಎಂಬ ಭಯ. ಈ ಕೊನೆಯ ಮಾತನ್ನು ಅಜ್ಜಿ ಬಾಯಿಬಿಟ್ಟು ಹೇಳಲಿಲ್ಲ. ಅಮ್ಮನ ಹೊಟ್ಟೆ ನೋಡಿದಳು, ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನಾನೂ ಹೊಟ್ಟೆ ನೋಡಿದೆ.

ಆ ವಾರವೇ ಒಂದು ಮಧ್ಯಾಹ್ನ ಅಮ್ಮ ಬಾತ್‌ರೂಮಿನಿಂದ ಹೊರಗೆ ಬಂದು ತಲೆಯಾಡಿಸಲಿಲ್ಲ. ಲೋಡ್‌ಶೆಡ್ಡಿಂಗಿನ ಹೊತ್ತು, ಲಿಫ್ಟ್ ಇರಲಿಲ್ಲ. ನಾನು ಕಾಕೂ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಮರಾಠಿ ಹೆಂಗಸಿನ ಗಂಡ ಮತ್ತು ವಾಚ್‌ಮನ್ ಸೇರಿ ಅಮ್ಮನನ್ನು ನಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿದರು. ಪ್ರತಿ ತಿರುವಿನಲ್ಲೂ ಕುರ್ಚಿಯ ಕಾಲು ಕಂಬಿಗೆ ಬಡಿಯುವುದು ಮೇಲಿನವರೆಗೂ ಕೇಳುತ್ತಿತ್ತು. ಅಜ್ಜಿಗೆ ಹಿಂದಿ ಬರುವುದಿಲ್ಲ, ಆಸ್ಪತ್ರೆಯಲ್ಲಿ ಏನು ಮಾತಾಡಿಯಾಳು, ಹಾಗಾಗಿ ಕಾಕೂವೇ ಜೊತೆಗೆ ಹೋದಳು. ಅಪ್ಪ ನೌಪಾಡಾದಿಂದ ನೇರ ಅಲ್ಲಿಗೆ ಹೊರಟಿದ್ದ. ನಾನೂ ಅಜ್ಜಿಯೂ ಖಾಲಿ ಮಂಚದ ಎರಡು ಕಡೆ ಕೂತೆವು. ಅಜ್ಜಿ ಹಾಸಿಗೆಯ ಸುಕ್ಕು ತೆಗೆಯುತ್ತಾ ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಕಳೆದ ಸಲ ಅವಳಿಗೆ ಮಗುವನ್ನು ತೋರಿಸಲೂ ಇಲ್ಲ, ನೋಡಿದರೆ ಮರೆಯುವುದಿಲ್ಲ ಎಂದು ಹಾಗೇ ತೆಗೆದುಕೊಂಡು ಹೋದರು, ಈ ಸಲವೂ ಹಾಗಾದರೆ ಅವಳು ಉಳಿಯುವುದಿಲ್ಲ ಎಂದಳು. ಎಲ್ಲ ನಾನೇ ಮಾಡಿದ್ದು, ಒಂದು ಪುಟ ಬರೆದು ಮಾಡಿದ್ದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆ ಭಯ ಈಗಲೂ ನನ್ನ ಮೈಯಿಂದ ಪೂರ್ತಿ ಬಿಟ್ಟುಹೋಗಿಲ್ಲ. ಕಥೆಯಲ್ಲಿ ಯಾವುದಾದರೂ ಪ್ರಾಣಿಗೆ ಜ್ವರ ಬಂದರೂ ನಾನು ಎದ್ದು ಹೋಗಿ ಮನೆಯವರಿಗೆಲ್ಲ ಫೋನು ಮಾಡುತ್ತೇನೆ.

ಅಮ್ಮ ವಾಪಸು ಬಂದಳು, ಹೊಟ್ಟೆಯಲ್ಲಿ ಮಗುವೂ ಇತ್ತು. ಆದರೆ ಇನ್ನು ಬಾತ್‌ರೂಮಿಗೂ ಹೋಗುವಂತಿರಲಿಲ್ಲ. ಅಜ್ಜಿಗೂ ಅಪ್ಪನಿಗೂ ಜಗಳವಾಯಿತು. ಊರಿಗೆ ಫೋನು ಮಾಡಿ ಭಟ್ಟರನ್ನು ಕೇಳು ಎಂದು ಅವಳು, ಕಾಗದದ ಹಾವಿಗೆ ಸಂಸ್ಕಾರ ಮಾಡಲು ಯಾವ ಭಟ್ಟರು ಬರುತ್ತಾರೆ, ಕೇಳಿದವರು ನಗುತ್ತಾರೆ ಎಂದು ಇವನು. ಅಜ್ಜಿಯ ಎದುರು ಅಷ್ಟು ಜೋರಾಗಿದ್ದ ಅಪ್ಪ ಆಮೇಲೆ ನನ್ನನ್ನು ಬಾಲ್ಕನಿಗೆ ಕರೆದು ಬಾಗಿಲು ಎಳೆದುಕೊಂಡ.

“ಒಂದು ಕೆಲಸ ಮಾಡು. ರಬ್ಬರ್ ತಕ್ಕೊಂಡು ಅಳಿಸಿ ಬಿಡು. ಅದು ಸಾಯ್ಲಿಲ್ಲ, ತಪ್ಪಿಸ್ಕೊಂಡು ಹೋಯ್ತು ಅಂತ ಬರಿ. ಬಸ್, ಖತಮ್.”

ಅವನ ದನಿ ಕೇಳಿ ಅಪ್ಪನೂ ಹೆದರಿದ್ದಾನೆ ಎಂದು ತಿಳಿಯಿತು. ಕೂಡಲೇ ಕೂತು ಬದಲಾಯಿಸಿದೆ. ಜೆಸಿಬಿ ಬಂತು, ನಾಗ ಮೊದಲೇ ಗುಡ್ಡಕ್ಕೆ ಹೋಗಿತ್ತು, ಎಲ್ಲರೂ ಸುಖವಾಗಿದ್ದರು. ಓದಿದಾಗ ಅಜ್ಜಿ, ಸತ್ತದ್ದು ಎದ್ದು ಬರುವುದಿಲ್ಲ ಎಂದು ಒಳಗೆ ಹೋದಳು. ಅಮ್ಮ ನನ್ನ ಪರ ಬರುತ್ತಾಳೆ ಎಂದು ಕಾದೆ.

“ನಂಗೂ ಇದು ಬೇಡ ಮಗಾ. ಅದು ಸತ್ತದ್ದು ನಾನು ಕೇಳಿದ್ದೇನೆ. ಈಗ ಸತ್ತೇ ಇಲ್ಲ ಅಂದ್ರೆ ನಾನು ನಂಬುದು ಹೇಗೆ?”

ನನಗೆ ಅಳು ಬಂತು. ಅಳಿಸಿದ ಜಾಗದಲ್ಲಿ ಹಳೆಯ ಅಕ್ಷರಗಳು ಇನ್ನೂ ಮಸುಕಾಗಿ ಕಾಣುತ್ತಿದ್ದವು. ಅತ್ತದ್ದನ್ನು ನೋಡಿ ಅಜ್ಜಿಗೆ ಕನಿಕರ ಹುಟ್ಟಿತೋ, ತನ್ನ ಭಯಕ್ಕೆ ಒಂದು ದಾರಿ ಹೊಳೆಯಿತೋ ತಿಳಿಯದು. ನನ್ನ ಪಕ್ಕ ನೆಲದ ಮೇಲೆ ಕೂತು, ಕಥೆಯಲ್ಲಿ ನಾಗನನ್ನು ಮೊದಲು ಕಂಡದ್ದು ಯಾರು ಎಂದು ಕೇಳಿದಳು. ಬಬನ್ ಎಂದೆ. ಹಾಗಾದರೆ ಅವನೇ ಮಾಡಬೇಕು ಎಂದಳು.

“ಮುಂಗುಸಿ ನಾಗನಿಗೆ ಮಾಡುದಾ? ಅವರು ದುಷ್ಮನ್ ಅಲ್ವಾ ಅಜ್ಜಿ?”

“ಕಂಡವನಿಗೆ ದುಷ್ಮನ್, ದೋಸ್ತ್ ಅಂತ ಎಲ್ಲ ಉಂಟಾ? ಕಂಡ್ರೆ ಮುಗೀತು.”

ಹೀಗೆ ಶುರುವಾಯಿತು ಬಬನ್‌ನ ಕಷ್ಟ. ಅದುವರೆಗೆ ಅವನು ಬರೀ ತುಂಟ, ಎಲ್ಲ ಕಥೆಯಲ್ಲೂ ಇರುವಂಥ ಮುಂಗುಸಿ. ಈಗ ಹೊಂಡದಲ್ಲಿ ಮುಳುಗಿ ಒದ್ದೆಯಾಗಿ ಏಳಬೇಕು. ಮೊಟ್ಟೆ ಮುಟ್ಟುವಂತಿಲ್ಲ. ಮಳೆಗಾಲದಲ್ಲಿ ಒಣಗಿದ ಕಟ್ಟಿಗೆ ಹುಡುಕಬೇಕು. ಅಜ್ಜಿ ಗಂಧ, ತುಪ್ಪ, ತುಳಸಿ ಎಂದು ಹೇಳಿದ್ದಕ್ಕೆಲ್ಲ ನಾನು ಆ ಪ್ಲಾಟಿನಲ್ಲಿ ಏನು ಸಿಕ್ಕೀತು ಎಂದು ಕಿಟಕಿಯಲ್ಲಿ ನಿಂತು ನೋಡಿ ಬರೆಯುತ್ತಿದ್ದೆ. ಕಟ್ಟಿಗೆಗೆ ಸೆಂಟ್ರಿಂಗಿನ ಮುರುಕು ಹಲಗೆಗಳು ಸಿಕ್ಕಿದವು. ಎಲ್ಲಕ್ಕಿಂತ ಕಷ್ಟ ನಾಗನನ್ನು ಚಿತೆಯ ತನಕ ತರುವುದು. ಮುಂಗುಸಿಗೆ ಕೈಯಿಲ್ಲ, ಹಲ್ಲಿನಲ್ಲೇ ಕಚ್ಚಿ ಎಳೆಯಬೇಕು. ಆ ಹಲ್ಲುಗಳಿಗೆ ನಾಗನ ಮೈಯಲ್ಲಿ ಗೊತ್ತಿದ್ದದ್ದು ಒಂದೇ ಕೆಲಸ. ಚರ್ಮಕ್ಕೆ ಒಂದು ಗೀರೂ ಆಗದಂತೆ ಎಳೆಯುವುದು ಹೇಗೆ ಎಂದು ತಿಳಿಯದೆ ನಾನು ನೆಲದ ಮೇಲೆ ನಾಲ್ಕು ಕಾಲಲ್ಲಿ ನಿಂತು, ದಿಂಬನ್ನು ಹಲ್ಲಲ್ಲಿ ಮೆಲ್ಲಗೆ ಕಚ್ಚಿ ಹಾಲ್‌ನ ಆ ಕೊನೆಯಿಂದ ಈ ಕೊನೆಗೆ ಎಳೆದೆ. ದವಡೆ ನೋಯುತ್ತದೆ, ಜೊಲ್ಲು ಸುರಿಯುತ್ತದೆ, ಕುತ್ತಿಗೆ ನಡುಗುತ್ತದೆ. ನನ್ನನ್ನು ನೋಡಿ ಅಮ್ಮ ಎಷ್ಟೋ ದಿನಗಳ ಮೇಲೆ ನಕ್ಕಳು. ನಕ್ಕರೆ ಹೊಟ್ಟೆ ಅಲುಗುತ್ತದೆ ಎಂದು ಅಜ್ಜಿ ಇಬ್ಬರಿಗೂ ಬೈದಳು. ಅಂದು ಬರೆದದ್ದರಲ್ಲಿ ಬಬನ್‌ನ ಕುತ್ತಿಗೆ ನಡುಗಿತು. ಅವನಿಗೆ ನಾಗನ ಮೇಲೆ ಪ್ರೀತಿ ಹುಟ್ಟಿತೆಂದು ನಾನು ಬರೆಯಲಿಲ್ಲ, ಹುಟ್ಟಿರಲಿಲ್ಲ. ಕೆಲಸ ಅವನ ಪಾಲಿಗೆ ಬಂದಿತ್ತು, ಮಾಡುತ್ತಿದ್ದ. ಅಜ್ಜಿ ಮೊದಲ ಸಲ ಏನೂ ತಿದ್ದದೆ ಕೇಳಿದಳು.

ನಿಂತದ್ದು ಕೊನೆಯ ಹೆಜ್ಜೆಯಲ್ಲಿ. ಚಿತೆ ಸಿದ್ಧವಾಗಿತ್ತು, ಕಪ್ಪೆ ಭಟ್ಟರು ಮಂತ್ರ ನಿಲ್ಲಿಸಿ, ಯಾರಿಗೆ ಈ ಸಂಸ್ಕಾರ, ಹೆಸರು ಹೇಳು ಎಂದು ಕೇಳಿದರು. ನನ್ನ ಕಥೆಯಲ್ಲಿ ಪಾರಿವಾಳಗಳಿಗೂ ಹೆಸರಿತ್ತು, ನಾಗನಿಗೆ ಇರಲಿಲ್ಲ. ನಾನು ಹೇಳಿದ ಹೆಸರುಗಳೆಲ್ಲ ಅಜ್ಜಿಗೆ ಹಗುರವೆನಿಸಿದವು. ನಾಗ ಅಂತಲೇ ಬರಿ, ಅಷ್ಟು ಸಾಕು ಎಂದಳು. ನನಗೆ ಸಾಕೆನಿಸಲಿಲ್ಲ. ನಾನು ಸತ್ತಾಗ ಹುಡುಗಿ ಎಂದು ಕರೆದು ನೀರು ಬಿಟ್ಟರೆ ಅದು ನನಗೆ ಮುಟ್ಟೀತೇ? ಹೆಸರು ಹೊಳೆಯದೆ ದಿನಗಳು ಕಳೆದವು. ದಿನಾ ಸಂಜೆ ಅಮ್ಮ ಕೇಳುತ್ತಿದ್ದಳು, ದಿನಾ ನಾನು ಕಲ್ ಪಕ್ಕಾ, ನಾಳೆ ಖಂಡಿತ ಎನ್ನುತ್ತಿದ್ದೆ. ಅಷ್ಟರಲ್ಲಿ ದಿನ ತುಂಬುವ ಮೊದಲೇ ಅಮ್ಮನಿಗೆ ನೋವು ಬಂತು. ಆ ಸಲ ಅಪ್ಪ ಮನೆಯಲ್ಲೇ ಇದ್ದ, ಲಿಫ್ಟೂ ನಡೆಯುತ್ತಿತ್ತು. ಇಬ್ಬರೂ ಒಳಗೆ ಹೋದ ಮೇಲೆ ಅದರ ಬಾಗಿಲು ಮುಚ್ಚಿಕೊಂಡಿತು. ಅಜ್ಜಿ ದೇವರ ಮುಂದೆ ಕೂತಳು. ನಾನು ಪುಟ ತೆರೆದು ಕೂತೆ. ಸಂಸ್ಕಾರ ಅರ್ಧಕ್ಕೆ ನಿಂತಿತ್ತು, ಬಬನ್ ಕೊಳ್ಳಿ ಹಿಡಿದು ಮಳೆಯಲ್ಲಿ ನಿಂತೇ ಇದ್ದ, ಅಮ್ಮ ಆಸ್ಪತ್ರೆಯಲ್ಲಿದ್ದಳು. ಯಾವುದಾದರೂ ಒಂದು ಹೆಸರು ಬರೆದು ಮುಗಿಸಿಬಿಡಬೇಕು, ಆದರೆ ತಪ್ಪು ಹೆಸರು ಬರೆದರೆ ಮಾಡಿದ್ದೆಲ್ಲ ವ್ಯರ್ಥ. ಫೋನು ಬಂದಾಗ ಅಜ್ಜಿ ಎತ್ತಲಿಲ್ಲ, ನಾನೇ ಎತ್ತಿದೆ. ಅಪ್ಪ ಫೋನನ್ನು ಎಲ್ಲೋ ಹಿಡಿದ, ಮಗು ಅಳುವುದು ಕೇಳಿಸಿತು. ನಾನು ಅದನ್ನು ಅಜ್ಜಿಯ ಕಿವಿಗೆ ಇಟ್ಟೆ.

ಮನೆಗೆ ತಮ್ಮ ಬಂದ. ಕೆಂಪಗೆ, ಅಂಗೈಗಿಂತ ಸ್ವಲ್ಪ ದೊಡ್ಡ, ಸದಾ ಸಿಟ್ಟಿನ ಮುಖ. ನಾಗ ದೊಡ್ಡ ಮನಸ್ಸು ಮಾಡಿದ, ಇನ್ನು ಆ ಕಥೆ ಸಾಕು, ಕಟ್ಟಿಡು ಎಂದಳು ಅಜ್ಜಿ. ನನಗೂ ಅದನ್ನು ಮುಟ್ಟಲು ಧೈರ್ಯವಿರಲಿಲ್ಲ. ಅಪ್ಪ ರಜೆ ಹಾಕಿದ್ದ ಒಂದು ದಿನ, ಅಜ್ಜಿ ಮಗುವಿನ ಸ್ನಾನಕ್ಕೆ ಎಣ್ಣೆ ಬಿಸಿಮಾಡಿ ಬಟ್ಟಲಲ್ಲಿ ತಂದಿದ್ದಳು. ಅಮ್ಮ ಹಾಲು ಕುಡಿಸುತ್ತಿದ್ದವಳು ತಲೆ ಎತ್ತದೆ ಕಥೆ ಎಲ್ಲಿಗೆ ಬಂತು ಎಂದು ಕೇಳಿದಳು. ಹೆಸರಿನ ಹತ್ತಿರ ನಿಂತಿದೆ ಎಂದೆ.

“ಶ್ರಾವ್ಯ ಅಂತ ಬರಿ.”

“ಅದು ಹುಡುಗಿಯ ಹೆಸರಲ್ವಾ ಅಮ್ಮ?”

“ಹೌದು. ಹುಡುಗಿಯೇ.”

ಬಾಲ್ಕನಿಯಲ್ಲಿ ಮಗುವಿನ ಬಟ್ಟೆ ಹರವುತ್ತಿದ್ದ ಅಪ್ಪನ ಕೈ ನಿಂತಿತು. ಡೊಂಬಿವಲಿಯಲ್ಲಿ ಕಳೆದುಕೊಂಡ ಆ ಮಗುವಿಗೆ ಒಂದು ಹೆಸರಿದೆ ಎಂದು ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ನಾನು ಬರೆದೆ. ಗಟ್ಟಿಯಾಗಿ ಓದು ಎಂದಳು ಅಮ್ಮ. ಓದಿದೆ. ಕಪ್ಪೆ ಭಟ್ಟರು ಹೆಸರು ಕೇಳಿದರು, ಬಬನ್ ಶ್ರಾವ್ಯ ಎಂದ, ಒದ್ದೆ ಹಲಗೆಗೆ ಹೇಗೋ ಬೆಂಕಿ ಹತ್ತಿಕೊಂಡಿತು, ಅದು ಆರುವವರೆಗೂ ಅವನು ಅಲ್ಲಿಂದ ಕದಲಲಿಲ್ಲ. ಓದಿ ಮುಗಿಸಿದಾಗ ಅಮ್ಮ ಅಳುತ್ತಿದ್ದಳು. ಅಜ್ಜಿ ಅವಳಿಗೆ ಅಳಬೇಡ ಎನ್ನಲಿಲ್ಲ. ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು, ಹಗ್ಗದ ಮೇಲಿದ್ದ ಟವೆಲ್ ತೆಗೆದುಕೊಂಡು ಬಾತ್‌ರೂಮಿಗೆ ಹೋದಳು. ಬೆಳಿಗ್ಗೆಯೇ ಸ್ನಾನ ಆಗಿತ್ತು ಅವಳದ್ದು. ತಲೆಯ ಮೇಲೆ ತಂಬಿಗೆ ತಂಬಿಗೆ ನೀರು ಹೊಯ್ದುಕೊಳ್ಳುವ ಸದ್ದು ಕೇಳಿತು. ಕೂದಲಿಂದ ನೀರಿಳಿಸಿಕೊಂಡು ಹೊರಗೆ ಬಂದು ಅಪ್ಪನ ಮುಖ ನೋಡಿದಳು. ಅವನೂ ಸ್ನಾನಕ್ಕೆ ಹೋದ. ಅವನು ಬಂದ ಮೇಲೆ ಅಜ್ಜಿ ನನ್ನ ಕೈಯಿಂದ ಪೆನ್ಸಿಲ್ ತೆಗೆದಿಟ್ಟು, ತನ್ನ ಒದ್ದೆ ಅಂಗೈಯನ್ನು ನನ್ನ ಬೆನ್ನಿಗೆ ಇಟ್ಟಳು.

“ನೀನೂ ಹೋಗು. ತಲೆಗೆ ಸ್ನಾನ ಮಾಡಿ ಬಾ. ನೀನು ಅಕ್ಕ ಅಲ್ವಾ ಅವಳಿಗೆ.”